ಕ್ಲೋರೋ ಅಂದರೆ ಹಸಿರೋ, ವಿಷವೋ? ಕಾಫಿ ತೋಟದಲ್ಲಿ ಬಣ್ಣದ ಹೆಸರುಗಳ ಗೊಂದಲ

2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ, ಬೇಗ ಕರಗಿಹೋಗದ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ಬಳಕೆಯಿಂದ ತೆಗೆಯಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಕೆಲವು ಬಳಕೆಗಳಿಗೆ ವಿನಾಯಿತಿ ಇದೆ. ಭಾರತ ತಾನಾಗಿ ಒಪ್ಪಿಗೆ ಕೊಡುವ ತನಕ ಆ ನಿರ್ಧಾರ ನಮಗೆ ಅನ್ವಯಿಸುವುದೂ ಇಲ್ಲ. ಹಾಗಂತ ಕೊಡಗಿನವರು ಇದನ್ನು ಯಾರದೋ ಊರಿನ ಸುದ್ದಿ ಎಂದು ಬಿಡುವಂತಿಲ್ಲ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು. ಕಾಂಡಕೊರಕಕ್ಕೂ ಕಾಯಿಕೊರಕಕ್ಕೂ ಇದೇ ಔಷಧಿ ಹೊಡೆದುಕೊಂಡು ಬಂದ ತೋಟಗಳು ಇಲ್ಲಿ ಬೇಕಾದಷ್ಟಿವೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಆ ಇಟಲಿ ಸೇರಿರುವ ಐರೋಪ್ಯ ಒಕ್ಕೂಟ 2020ರಲ್ಲೇ ಈ ಔಷಧಿಗೆ ಬಾಗಿಲು ಹಾಕಿದೆ.

ಇದೇ ಹೊತ್ತಿನಲ್ಲಿ ಕಾಫಿಯ ಜೊತೆ ಇನ್ನೊಂದು ಹೆಸರೂ ಓಡಾಡುತ್ತಿದೆ: ಕ್ಲೋರೋಜೆನಿಕ್ ಆಮ್ಲ. ತೂಕ ಇಳಿಸುತ್ತದೆ ಎಂದು ‘ಗ್ರೀನ್ ಕಾಫಿ’ ಪೊಟ್ಟಣ ಮಾರುವವರು ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಒಂದು ಕ್ಲೋರೋ ನಿಷೇಧದ ಪಟ್ಟಿಯಲ್ಲಿ, ಇನ್ನೊಂದು ಕ್ಲೋರೋ ಆರೋಗ್ಯದ ಜಾಹೀರಾತಿನಲ್ಲಿ. ‘ಹಾಗಾದರೆ ಕಾಫಿ ಬೀಜದಲ್ಲೇ ಕ್ಲೋರಿನ್ ಇದೆಯಾ?’ ಎಂದು ಯಾರಾದರೂ ಕೇಳಿದರೆ ನಗುವಂತಿಲ್ಲ, ಪ್ರಶ್ನೆ ನ್ಯಾಯವಾಗಿಯೇ ಇದೆ. ಉತ್ತರ: ಈ ಆಮ್ಲದಲ್ಲಿ ಇಲ್ಲ. ಕ್ಲೋರೋಜೆನಿಕ್ ಆಮ್ಲದಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ, ಮೂರೇ. ಕ್ಲೋರ್‌ಪೈರಿಫಾಸ್‌ನಲ್ಲಾದರೆ ಅಣುವೊಂದಕ್ಕೆ ಮೂರು ಕ್ಲೋರಿನ್ ಪರಮಾಣುಗಳಿವೆ.

ಹೆಸರಿನ ತಲೆಯಲ್ಲಿ ಒಂದೇ ಪದ ಕೂತಿದ್ದರೂ ಒಳಗಿನ ಸರಕು ಬೇರೆಯಾದದ್ದು ಹೇಗೆ? ವಿಜ್ಞಾನದ ಹೆಸರುಗಳಲ್ಲಿ ಬಣ್ಣ ಸೂಚಿಸುವ ಪೂರ್ವಪದಗಳು ಎರಡು ಕೆಲಸ ಮಾಡುತ್ತವೆ. ಒಮ್ಮೆ ಬಣ್ಣವನ್ನೇ ಹೇಳುತ್ತವೆ. ಇನ್ನೊಮ್ಮೆ, ಆ ಬಣ್ಣದಿಂದ ಹೆಸರು ಪಡೆದ ಮೂಲವಸ್ತುವನ್ನು ಹೇಳುತ್ತವೆ. ಬಣ್ಣವನ್ನು ಹೇಳುವಾಗಲೂ ಅದು ವಸ್ತುವಿನ ಖಾಯಂ ಬಣ್ಣ ಆಗಿರಬೇಕೆಂದಿಲ್ಲ. ಯಾರೋ ಒಬ್ಬರು, ಯಾವುದೋ ಸ್ಥಿತಿಯಲ್ಲಿ, ಮೊದಲ ಸಲ ಕಂಡ ಬಣ್ಣ ಅದು. ಇಷ್ಟು ತಿಳಿದಿದ್ದರೆ ತೋಟದ ಗೋಡೌನಿನಲ್ಲಿರುವ ಅರ್ಧ ಲೇಬಲ್ಲುಗಳ ಭಯವೂ ಭರವಸೆಯೂ ಒಂದು ಹದಕ್ಕೆ ಬರುತ್ತವೆ.

ಒಂದೇ ಗ್ರೀಕ್ ಪದದ ಎರಡು ಕವಲು

ಗ್ರೀಕ್ ಭಾಷೆಯ ‘ಖ್ಲೋರೋಸ್’ ಎಂದರೆ ಎಳೆ ಹಸಿರು. ಹಳದಿಗೆ ವಾಲಿದ ಹಸಿರೂ ಹೌದು. ಸ್ವೀಡನ್ನಿನ ಷೀಲೆ 1774ರಲ್ಲಿ ಒಂದು ಘಾಟಿನ ಅನಿಲ ತಯಾರಿಸಿದ. ಅದರಲ್ಲಿ ಆಮ್ಲಜನಕ ಇದೆ ಎಂದೇ ಬಹಳ ಕಾಲ ನಂಬಿದ್ದರು. ಅದು ಸ್ವತಂತ್ರ ಮೂಲವಸ್ತು ಎಂದು 1810ರಲ್ಲಿ ಖಚಿತವಾಗಿ ಹೇಳಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಅನಿಲ ಹಳದಿ ಮಿಶ್ರಿತ ಹಸಿರಾಗಿ ಕಂಡದ್ದರಿಂದ ಕ್ಲೋರಿನ್ ಎಂದು ಕರೆದ. ಏಳೇ ವರ್ಷದಲ್ಲಿ, 1817ರಲ್ಲಿ, ಪ್ಯಾರಿಸ್ಸಿನ ಪೆಲೆಟಿಯೇ ಮತ್ತು ಕಾವಾಂತು ಎಲೆಯ ಹಸಿರನ್ನು ಬೇರ್ಪಡಿಸಿದರು. ಅವರೂ ಅದೇ ಗ್ರೀಕ್ ಪದಕ್ಕೆ ಕೈಚಾಚಿ ಕ್ಲೋರೋಫಿಲ್ ಎಂದರು. ಗೊಂದಲ ಹುಟ್ಟಿದ್ದು ಇಲ್ಲಿ. ಕ್ಲೋರೋಫಿಲ್ಲಿನಲ್ಲಿ ಕ್ಲೋರಿನ್ ಲವಲೇಶವೂ ಇಲ್ಲ. ಅದರ ನಟ್ಟನಡುವೆ ಕೂತಿರುವುದು ಮೆಗ್ನೀಸಿಯಂ.

ಅಂದಿನಿಂದ ಎರಡು ಕವಲು. ಕ್ಲೋರೋಫಾರ್ಮ್, ಕ್ಲೋರ್‌ಪೈರಿಫಾಸ್, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಕೊಳ್ಳುವ ಪೊಟ್ಯಾಸಿಯಂ ಕ್ಲೋರೈಡ್, ಇವು ಕ್ಲೋರಿನ್ ಕವಲಿನವು. ಕ್ಲೋರೋಫಿಲ್, ಕ್ಲೋರೋಪ್ಲಾಸ್ಟ್, ಕ್ಲೋರೋಸಿಸ್ ಹಸಿರು ಕವಲಿನವು. ಕ್ಲೋರೋಜೆನಿಕ್ ಆಮ್ಲ ಕೂಡ ಹಸಿರು ಕವಲಿನದೇ. ಕ್ಷಾರದ ಜೊತೆ ಗಾಳಿಗೆ ಒಡ್ಡಿದರೆ ಅದು ಹಸಿರು ಬಣ್ಣ ಹುಟ್ಟಿಸುತ್ತದೆ ಎಂಬ ಕಾರಣಕ್ಕೆ ಆ ಹೆಸರು. ಅರೇಬಿಕಾಗಿಂತ ರೋಬಸ್ಟಾದಲ್ಲಿ ಇದರ ಪ್ರಮಾಣ ಹೆಚ್ಚು. ಹುರಿಯುವಾಗ ಬಹುಪಾಲು ಒಡೆದುಹೋಗುತ್ತದೆ. ಹುರಿದ ಬೀಜದ ಕಂದು ಬಣ್ಣ ಕೊಡುವವು ಮೆಲನಾಯ್ಡಿನ್‌ಗಳು; ‘ಮೆಲಾಸ್’ ಎಂದರೆ ಗ್ರೀಕಿನಲ್ಲಿ ಕಪ್ಪು. ನಮ್ಮ ಚರ್ಮದ ಮೆಲನಿನ್ ಹೆಸರೂ ಅಲ್ಲಿಂದಲೇ ಬಂದದ್ದು, ಆದರೆ ವಸ್ತು ಬೇರೆ. ಕಾಫಿ ಕುಡಿದರೆ ಮೈ ಕಪ್ಪಾಗುತ್ತದೆ ಎಂದು ಮಕ್ಕಳನ್ನು ಹೆದರಿಸುವ ಅಜ್ಜಿಯರಿಗೆ ಈ ಹೆಸರು ಗೊತ್ತಿಲ್ಲದಿರುವುದು ಒಳ್ಳೆಯದೇ.

ಕ್ಲೋರೋಸಿಸ್ ಇನ್ನೂ ತಮಾಷೆಯದು. ಗಿಡದ ಎಲೆ ಹಳದಿಯಾಗುವ ತೊಂದರೆಗೆ ‘ಹಸಿರು’ ಎಂಬರ್ಥದ ಹೆಸರು. ಗ್ರೀಕರ ಖ್ಲೋರೋಸ್ ಹಳದಿಯವರೆಗೂ ಚಾಚುತ್ತಿದ್ದದ್ದರಿಂದ ಅವರಿಗೆ ಇದು ವಿಚಿತ್ರ ಅನಿಸಿರಲಾರದು. ಬೆಳೆಗಾರನಿಗೆ ಮುಖ್ಯವಾದದ್ದು ಹಳದಿ ಎಲ್ಲಿ ಶುರುವಾಯಿತು ಎಂಬುದು. ಹಳೆಯ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಕೊರತೆಯ ಗುಮಾನಿ. ಗಿಡ ಹಳೆಯ ಎಲೆಯಿಂದ ಮೆಗ್ನೀಸಿಯಂ ಕಿತ್ತು ಹೊಸ ಚಿಗುರಿಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದ್ದರಿಂದ ಕಬ್ಬಿಣದ ಕೊರತೆ ಎಳೆ ಎಲೆಯಲ್ಲೇ ಮೊದಲು ಕಾಣುತ್ತದೆ. ಕಬ್ಬಿಣ ಕ್ಲೋರೋಫಿಲ್ಲಿನ ಒಳಗಿಲ್ಲ, ಆದರೆ ಅದನ್ನು ತಯಾರಿಸಲು ಬೇಕು. ಕಬ್ಬಿಣದಿಂದಲೇ ಕೆಂಪಾದ ಕೊಡಗಿನ ಮಣ್ಣಿನಲ್ಲೂ ಎಲೆ ಹೀಗೆ ಬಿಳಿಚಿಕೊಳ್ಳಬಹುದು, ಏಕೆಂದರೆ ಮಣ್ಣಿನಲ್ಲಿ ಇರುವುದೇ ಬೇರೆ, ಬೇರಿಗೆ ಸಿಗುವುದೇ ಬೇರೆ. ಸುಣ್ಣ ಅತಿಯಾದ ಜಾಗದಲ್ಲಿ ಕಬ್ಬಿಣ ಕಣ್ಣೆದುರು ಇದ್ದೂ ಗಿಡಕ್ಕೆ ದಕ್ಕುವುದಿಲ್ಲ.

ಕನ್ನಡ ಪಠ್ಯಪುಸ್ತಕ ಕ್ಲೋರೋಫಿಲ್ಲಿಗೆ ‘ಪತ್ರಹರಿತ್ತು’ ಎನ್ನುತ್ತದೆ. ಮಕ್ಕಳು ಬಾಯಿಪಾಠ ಮಾಡಲು ಗೊಣಗುವ ಪದ. ಆದರೆ ಪತ್ರಹರಿತ್ತು ಎಂದು ಕಲಿತ ಯಾವ ಮಗುವೂ ಅದರಲ್ಲಿ ಕ್ಲೋರಿನ್ ಹುಡುಕುವುದಿಲ್ಲ. ಕೆಂಪು ರಕ್ತಕಣ, ಬಿಳಿ ರಕ್ತಕಣ ಎಂದಾಗಲೂ ಅಷ್ಟೇ, ಎರಿಥ್ರೋ, ಲ್ಯೂಕೋಗಳ ಹಂಗಿಲ್ಲ. ಈ ಒಂದು ವಿಷಯದಲ್ಲಿ ಕನ್ನಡ ಮಾಧ್ಯಮದ ಹುಡುಗರು ಒಂದು ಹೆಜ್ಜೆ ಮುಂದೆ ಇದ್ದಾರೆ ಎಂದು ನನಗನಿಸುತ್ತದೆ.

ನೀಲಿ ಎಂಬ ಹೆಸರು, ಕೆಂಪು ಹಣ್ಣು, ಬಿಳಿ ಬೈಂಬಳೆ

ಕ್ಲೋರೋಗಿಂತ ಹೆಚ್ಚು ಹೆದರಿಸುವ ಪೂರ್ವಪದ ‘ಸಯನೋ’. ಸಯನೈಡ್ ಎಂದರೆ ಸಾವು ಎಂದಷ್ಟೇ ನಮಗೆ ಗೊತ್ತು. ಗ್ರೀಕಿನ ‘ಕುವಾನೋಸ್’ ಎಂದರೆ ಕಡು ನೀಲಿ. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಪ್ರಷ್ಯನ್ ನೀಲಿ ಎಂಬ ಬಣ್ಣ ಅಕಸ್ಮಾತ್ತಾಗಿ ಸಿಕ್ಕಿತು. ಅದೇ ಷೀಲೆ 1782ರಲ್ಲಿ ಆ ನೀಲಿಯಿಂದ ಒಂದು ಆಮ್ಲ ತೆಗೆದ. ಆಮೇಲೆ ಫ್ರಾನ್ಸಿನ ಗೇ ಲ್ಯುಸಾಕ್, ಅದರ ತಿರುಳಾದ ಇಂಗಾಲ-ಸಾರಜನಕ ಜೋಡಿಗೆ ‘ನೀಲಿ ಹುಟ್ಟಿಸುವಂಥದ್ದು’ ಎಂಬರ್ಥದ ಹೆಸರು ಕೊಟ್ಟ. ಆ ಜೋಡಿಗೆ ಸ್ವಂತ ಬಣ್ಣವೇ ಇಲ್ಲ. ಪ್ರಷ್ಯನ್ ನೀಲಿ ನೀಲಿಯಾಗಿರುವುದು ಅದರಲ್ಲಿರುವ ಕಬ್ಬಿಣದ ಎರಡು ರೂಪಗಳ ನಡುವೆ ಎಲೆಕ್ಟ್ರಾನು ಜಿಗಿಯುವುದರಿಂದ. ನೀಲಿಯ ಹೆಸರು ಹೊತ್ತ ವಿಷ ಬಣ್ಣವಿಲ್ಲದ್ದು, ನೀಲಿಗೆ ಕಾರಣವಾದ ಕಬ್ಬಿಣಕ್ಕೆ ಹೆಸರಿನಲ್ಲಿ ಪಾಲಿಲ್ಲ.

ಈಗ ತೋಟಕ್ಕೆ ಬನ್ನಿ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ಗೊಂಚಲು ಕೆಂಪಗೆ ತಿರುಗಿರುತ್ತದಲ್ಲ, ಆ ಕೆಂಪು ಆಂಥೋಸಯನಿನ್ ಎಂಬ ವರ್ಣಕದ್ದು. ‘ಹೂವಿನ ನೀಲಿ’ ಎಂದು ಅದರ ಅರ್ಥ. ಕಾಫಿ ಹಣ್ಣಿನ ಸಿಪ್ಪೆಯಲ್ಲಿರುವ ಬಗೆಗೆ ಸಯನಿಡಿನ್ ಎಂದೇ ಹೆಸರು. ಸಯನೈಡಿಗೂ ಅದಕ್ಕೂ ಯಾವ ನಂಟೂ ಇಲ್ಲ. ಜರ್ಮನಿಯ ವಿಲ್‌ಸ್ಟೆಟರ್ ಈ ವರ್ಣಕವನ್ನು ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನಿಂದ ತೆಗೆದದ್ದರಿಂದ ಈ ಹೆಸರು ಬಂತು. ಅದೇ ವರ್ಣಕ ಆಮ್ಲದಲ್ಲಿ ಕೆಂಪಾಗುತ್ತದೆ. ಸಸ್ಯಗಳ ವರ್ಣಕಗಳನ್ನು, ಮುಖ್ಯವಾಗಿ ಕ್ಲೋರೋಫಿಲ್ಲನ್ನು, ಬಿಡಿಸಿ ನೋಡಿದ್ದಕ್ಕೆ ಅವನಿಗೆ 1915ರ ನೊಬೆಲ್ ಸಂದಿತು. ಅವನು ಕಾರ್ನ್‌ಫ್ಲವರಿನ ಬದಲು ಕಾಫಿ ಹಣ್ಣು ಹಿಡಿದುಕೊಂಡಿದ್ದರೆ ಹೆಸರಿನಲ್ಲಿ ನೀಲಿಯ ಸುಳಿವೇ ಇರುತ್ತಿರಲಿಲ್ಲ.

ನಿಜವಾದ ಸಯನೈಡ್ ಕೊಡಗಿನ ಅಡುಗೆಮನೆಗೆ ಬರುವುದು ಬೇರೆ ದಾರಿಯಲ್ಲಿ, ಯಾವ ಲೇಬಲ್ಲೂ ಇಲ್ಲದೆ. ಮಳೆಗಾಲದ ಬೈಂಬಳೆ, ಅಂದರೆ ಎಳೆ ಬಿದಿರು ಕಣಿಲೆ, ಬೆಳ್ಳಗೆ ಮುಗ್ಧವಾಗಿ ಕಾಣುತ್ತದೆ. ಅದರಲ್ಲಿ ಟ್ಯಾಕ್ಸಿಫಿಲ್ಲಿನ್ ಎಂಬ ವಸ್ತುವಿದೆ. ಕಣಿಲೆಯನ್ನು ಕೊಚ್ಚಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ನಮ್ಮ ಮನೆಗಳಲ್ಲಿ ಕಣಿಲೆಯನ್ನು ತೆಳ್ಳಗೆ ಹೆಚ್ಚಿ, ನೀರು ಬದಲಾಯಿಸುತ್ತಾ ನೆನೆಹಾಕಿ, ಚೆನ್ನಾಗಿ ಬೇಯಿಸಿಯೇ ಸಾರು ಮಾಡುವುದು. ಕಹಿ ಹೋಗಲಿ ಎಂದು ಮಾಡುತ್ತೇವೆ ಅನ್ನುತ್ತಾರೆ. ಹೋಗುವುದು ಕಹಿಯೊಂದೇ ಅಲ್ಲ. ತೆಳ್ಳಗೆ ಹೆಚ್ಚಿದಷ್ಟೂ ಆ ವಸ್ತು ಬೇಗ ಒಡೆಯುತ್ತದೆ, ಸಯನೈಡ್ ನೀರಿಗೆ ಇಳಿಯುತ್ತದೆ, ಉಳಿದದ್ದು ಕುದಿಯುವಾಗ ಆವಿಯಾಗಿ ಹೋಗುತ್ತದೆ. ಮುಚ್ಚಳ ತೆಗೆದು ಬೇಯಿಸುವುದು ಅದಕ್ಕೇ ಒಳ್ಳೆಯದು.

ಬಿ12 ವಿಟಮಿನ್ನಿನ ಕಥೆ ಇನ್ನೂ ಒಂದು ಸುತ್ತು ತಿರುವಿನದು. ಗುಳಿಗೆಯ ಹಾಳೆಯ ಮೇಲೆ ಸಯನೋಕೋಬಾಲಮಿನ್ ಎಂದು ಬರೆದಿರುತ್ತದೆ. ಹೆಸರಿನ ಮೊದಲಲ್ಲಿ ನೀಲಿ. ಎರಡನೆಯದು ಕೋಬಾಲ್ಟ್, ಗಾಜಿಗೆ ನೀಲಿ ಕೊಡುವ ಲೋಹ. ಎರಡೆರಡು ನೀಲಿ ಸೇರಿದ ಈ ವಸ್ತುವಿನ ಹರಳು ಕಡು ಕೆಂಪು. ಇಲ್ಲಿ ಸಯನೋ ನಿಜವಾಗಿಯೂ ಇಂಗಾಲ-ಸಾರಜನಕ ಜೋಡಿಯೇ, ಆದರೆ ಕೋಬಾಲ್ಟಿಗೆ ಬಿಗಿಯಾಗಿ ಕಟ್ಟಿಕೊಂಡಿದೆ. ಗುಳಿಗೆಯಲ್ಲಿ ಅದರ ಪ್ರಮಾಣವೂ ಲೆಕ್ಕಕ್ಕೆ ಸಿಗದಷ್ಟು, ಹೆದರಬೇಕಿಲ್ಲ.

ಮೂಲವಸ್ತುಗಳಿಗೆ ಬಣ್ಣದ ಹೆಸರು ಇಟ್ಟವರು ಏನು ನೋಡಿದ್ದರು?

ಕ್ಲೋರಿನ್, ಅಯೋಡಿನ್ ಎರಡೂ ಪ್ರಾಮಾಣಿಕ ಹೆಸರುಗಳು. ಅಯೋಡಿನ್ನಿನ ಆವಿ ನಿಜಕ್ಕೂ ನೇರಳೆ. 1811ರಲ್ಲಿ ಕೂರ್ತ್ವಾ ಕಡಲ ಪಾಚಿಯ ಬೂದಿಯ ಜೊತೆ ಕೆಲಸ ಮಾಡುತ್ತಿದ್ದಾಗ ಕಂಡದ್ದೂ ಅದೇ ನೇರಳೆ ಹೊಗೆ. ಉಳಿದ ಹಲವು ಹೆಸರುಗಳಲ್ಲಿ ಲೋಹ ಒಂದು ಬಣ್ಣ, ಹೆಸರು ಇನ್ನೊಂದು ಬಣ್ಣ.

ಮಡಿಕೇರಿಯ ಯಾವ ಆಭರಣದ ಅಂಗಡಿಗೆ ಹೋದರೂ ಬೆಳ್ಳಿ ಸರಕ್ಕೆ ರೋಡಿಯಂ ಪಾಲಿಶ್ ಮಾಡಿಸುವ ಮಾತು ಬರುತ್ತದೆ. ಬೆಳ್ಳಿ ಕಪ್ಪಾಗದಿರಲಿ, ಬೆಳ್ಳಗೆ ಹೊಳೆಯಲಿ ಎಂದು. ರೋಡಿಯಂ ಎಂಬುದರ ಮೂಲ ‘ರೋಡಾನ್’, ಗುಲಾಬಿ. 1804ರಲ್ಲಿ ಅದನ್ನು ಕಂಡುಹಿಡಿದ ವೊಲ್ಲಾಸ್ಟನ್ ಕೈಯಲ್ಲಿದ್ದದ್ದು ಗುಲಾಬಿ ಬಣ್ಣದ ಲವಣ. ಲೋಹ ಅಚ್ಚ ಬಿಳಿ. ಅದೇ ಕಾಲದ ಇರಿಡಿಯಮ್ಮಿಗೆ ಕಾಮನಬಿಲ್ಲಿನ ಹೆಸರು, ಅದರ ಲವಣಗಳಿಗೆ ಹಲವು ಬಣ್ಣ ಎಂದು. 1797ರಲ್ಲಿ ವೋಕೆಲಾಂಗೆ ಸಿಕ್ಕ ಕ್ರೋಮಿಯಮ್ಮಿಗಂತೂ ‘ಬಣ್ಣ’ ಎಂಬುದೇ ಹೆಸರು. ಬೈಕಿನ ಹ್ಯಾಂಡಲ್ಲಿಗೆ ಬಳಿದ ಕ್ರೋಮಿನಲ್ಲಿ ಯಾವ ಬಣ್ಣವೂ ಇಲ್ಲ. ಆದರೆ ಮಾಣಿಕ್ಯದ ಕೆಂಪೂ ಪಚ್ಚೆಯ ಹಸಿರೂ ಹರಳಿನೊಳಗೆ ಸೇರಿಕೊಂಡ ಚೂರು ಕ್ರೋಮಿಯಮ್ಮಿನ ಕರಾಮತ್ತು.

ಇನ್ನೊಂದು ಗುಂಪಿನವರು ನೋಡಿದ್ದು ಲೋಹವನ್ನೂ ಅಲ್ಲ, ಲವಣವನ್ನೂ ಅಲ್ಲ, ಜ್ವಾಲೆಯ ಬೆಳಕನ್ನು. ಬುನ್ಸೆನ್ ಮತ್ತು ಕಿರ್ಖಾಫ್ ಪಟ್ಟಕದ ಮೂಲಕ ಜ್ವಾಲೆಯನ್ನು ಬಿಡಿಸಿ ನೋಡಿದಾಗ 1860ರಲ್ಲಿ ಆಕಾಶನೀಲಿ ಗೆರೆಗಳು ಕಂಡವು, ಸೀಸಿಯಂ ಎಂದರು. ಮರುವರ್ಷ ಕಡು ಕೆಂಪು ಗೆರೆ, ರುಬಿಡಿಯಂ. ಅದೇ 1861ರಲ್ಲಿ ಕ್ರೂಕ್ಸ್ ಎಳೆ ಚಿಗುರಿನ ಹಸಿರು ಗೆರೆ ಕಂಡು ಥ್ಯಾಲಿಯಂ ಎಂದ. ಆಕಾಶನೀಲಿಯ ಹೆಸರಿನ ಸೀಸಿಯಂ ಲೋಹವಾಗಿ ತೆಳು ಹೊನ್ನಿನ ಬಣ್ಣದ್ದು! 1863ರಲ್ಲಿ ಜರ್ಮನಿಯ ರೈಖ್ ಸತುವಿನ ಅದಿರಿನಲ್ಲಿ ಥ್ಯಾಲಿಯಂ ಹುಡುಕುತ್ತಿದ್ದ. ಅವನಿಗೆ ವರ್ಣಾಂಧತೆ, ಗೆರೆ ನೋಡುವ ಕೆಲಸವನ್ನು ಸಹಾಯಕ ರಿಕ್ಟರನಿಗೆ ಒಪ್ಪಿಸಿದ. ಹಸಿರಿನ ಬದಲು ರಿಕ್ಟರನಿಗೆ ಕಂಡದ್ದು ಇಂಡಿಗೊ ನೀಲಿ. ಇಂಡಿಯಂ ಎಂಬ ಹೆಸರು ಹೀಗೆ ಬಂತು. ಇಂಡಿಗೊ ಎಂದರೆ ಇಂಡಿಯಾದಿಂದ ಬಂದ ನೀಲಿ, ನಮ್ಮ ನೀಲಿ ಗಿಡದ ಬಣ್ಣ. ಇಂದು ಪ್ರತಿ ಮೊಬೈಲಿನ ಟಚ್ ಸ್ಕ್ರೀನಿನಲ್ಲಿ ಕಣ್ಣಿಗೆ ಕಾಣದಂತೆ ಇಂಡಿಯಂ ಲೇಪನವಿದೆ.

ಕನ್ನಡದಲ್ಲೂ ಇದು ಹೊಸತಲ್ಲ. ಬೆಳ್ಳಿಯಲ್ಲಿ ಇರುವುದು ಬಿಳಿಯ ‘ಬೆಳ್’, ಬೆಳದಿಂಗಳಿನಲ್ಲಿರುವುದೂ ಅದೇ. ಹೊನ್ನು ಮಾತ್ರ ತಿರುವುಮುರುವು: ಲೋಹವೇ ಬಣ್ಣವಾಗಿ ಹೊಂಬಿಸಿಲು, ಹೊಂಬಣ್ಣಗಳಿಗೆ ಮುಂದಾಳಾಯಿತು.

ಗೋಡೌನಿನ ಕಪಾಟು

ತೋಟದ ಗೋಡೌನಿನಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನೀಲಿ; ಫೆರಸ್ ಸಲ್ಫೇಟ್ ತೆಳು ಹಸಿರು, ಝಿಂಕ್ ಸಲ್ಫೇಟ್ ಬಿಳಿ. ಮೂರೂ ಸಲ್ಫೇಟುಗಳೇ, ಬಣ್ಣ ಮಾತ್ರ ಬೇರೆ. ತಾಮ್ರ, ಕಬ್ಬಿಣದಂಥ ಲೋಹಗಳ ಅಯಾನಿನಲ್ಲಿ ಒಂದು ಎಲೆಕ್ಟ್ರಾನು ಕವಚ ಅರೆಬರೆ ತುಂಬಿರುತ್ತದೆ. ಬೆಳಕಿನ ಒಂದು ಭಾಗವನ್ನು ನುಂಗಿ ಎಲೆಕ್ಟ್ರಾನು ಒಂದು ಮೆಟ್ಟಿಲು ಹತ್ತಲು ಅಲ್ಲಿ ಜಾಗವಿದೆ. ನುಂಗದೆ ಬಿಟ್ಟ ಬೆಳಕು ನಮ್ಮ ಕಣ್ಣಿಗೆ ಬಣ್ಣ. ಸತುವಿನಲ್ಲಿ ಆ ಕವಚ ಪೂರ್ತಿ ತುಂಬಿದೆ, ಹತ್ತಲು ಜಾಗವಿಲ್ಲ, ಬಿಳಿ. ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳೂ ಬಿಳಿಯೇ. ಹಾಗಾದರೆ ಪೊಟ್ಯಾಷ್ ಗೊಬ್ಬರ ಇಟ್ಟಿಗೆ ಕೆಂಪಾಗಿ ಬರುವುದೇಕೆ? ಗಣಿಯಲ್ಲಿ ಜೊತೆಗೆ ಸೇರಿಬಂದ ಚೂರು ಕಬ್ಬಿಣದ ಆಕ್ಸೈಡಿನಿಂದ. ಕೆಂಪಿದ್ದರೆ ಒಳ್ಳೆಯ ಮಾಲು, ಬಿಳಿ ಇದ್ದರೆ ಕಲಬೆರಕೆ ಎಂದು ನಂಬುವವರಿದ್ದಾರೆ. ಕೆಂಪು ಬೆಳೆಗೆ ಏನನ್ನೂ ಕೊಡುವುದಿಲ್ಲ.

ಮೈಲುತುತ್ತದ ನೀಲಿಯೂ ತಾಮ್ರದೊಂದಿಗೆ ಹುಟ್ಟಿ ಬಂದದ್ದಲ್ಲ. ಹರಳನ್ನು ಬಾಣಲೆಯಲ್ಲಿ ಕಾಯಿಸಿದರೆ ಒಳಗಿನ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ. ನೀರು ತಾಕಿದರೆ ಮತ್ತೆ ನೀಲಿ. ಮುಂಗಾರಿಗೆ ಮುಂಚೆ ಮೆಣಸಿನ ಬಳ್ಳಿಗೆ, ಸೊರಗು ರೋಗ ತಡೆಯಲು, ಶೇ 1ರ ಬೋರ್ಡೋ ದ್ರಾವಣ ಹೊಡೆಯುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಲೆಕ್ಕ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತಾ ಕದಡಿದಾಗ ಆಕಾಶದ ಬಣ್ಣದ ಗಟ್ಟಿ ದ್ರಾವಣ ಬರುತ್ತದೆ. ಹದ ಬಂದಿದೆಯೇ ಎಂದು ಮೇಸ್ತ್ರಿ ನೋಡುವುದು ಬಣ್ಣದಿಂದಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಪೊರೆ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣವನ್ನು ಸ್ವಲ್ಪ ಕರಗಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ, ಆಗ ಅದರ ಸ್ವಂತ ಕೆಂಪು ಹೊರಬೀಳುತ್ತದೆ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣ ಸೇರಿಸಿ ಮತ್ತೆ ಕತ್ತಿ ಅದ್ದಬೇಕು. ತಾಮ್ರದ ಕೆಂಪು, ನೀಲಿ ಎರಡೂ ಒಂದೇ ಡ್ರಮ್ಮಿನಲ್ಲಿ ನೋಡಸಿಗುವ ಪ್ರಯೋಗ ಯಾವ ಶಾಲೆಯ ಲ್ಯಾಬಿನಲ್ಲೂ ಇಷ್ಟು ಚೆನ್ನಾಗಿ ನಡೆಯಲಾರದು.

ಗಿಡಗಳ ಹೆಸರುಗಳು ಇಷ್ಟು ಮೋಸ ಮಾಡುವುದಿಲ್ಲ. ನೆರಳಿಗೆ ಬೆಳೆಸುವ ಹಾಲುವಾಣ ಎರಿಥ್ರೀನಾ, ಕೆಂಪು ಹೂವಿನದು. ತುಂಬೆ ಲ್ಯೂಕಾಸ್, ಬಿಳಿ. ಕಿತ್ತಳೆಗೆ ಕಜ್ಜಿ ಹಿಡಿಸುವ ಬ್ಯಾಕ್ಟೀರಿಯಾ ಕ್ಸಾಂಥೋಮೊನಾಸ್, ಹಳದಿ. ಕಾಫಿಯ ಕೊಳೆರೋಗಕ್ಕೆ ಇಂಗ್ಲಿಷಿನವರು ಬ್ಲ್ಯಾಕ್ ರಾಟ್ ಎಂದು ಕಪ್ಪು ಬಣ್ಣ ಹಚ್ಚಿದರು, ಆದರೆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ‘ಕೊಳೆರೋಗ’ ಪದವೇ ಹೋಗಿ ಕೂತಿತು. ಕಕ್ಕಡ ಪದಿನೆಟ್ಟಿನಂದು, ಅಂದರೆ ಕೊಡವರ ಕಕ್ಕಡ ಮಾಸದ ಹದಿನೆಂಟನೇ ದಿನ, ಪಾಯಸವನ್ನೆಲ್ಲ ನೇರಳೆ ಮಾಡುವ ಮದ್ದುಸೊಪ್ಪಿನ ಸಸ್ಯನಾಮದಲ್ಲಿ ಬಣ್ಣದ ಸುದ್ದಿಯೇ ಇಲ್ಲ. ಅಲ್ಲಿರುವುದು ವಯನಾಡಿನ ಹೆಸರು. ಕರಿಮೆಣಸಂತೂ ಬಳ್ಳಿಯಲ್ಲಿ ಹಸಿರು, ಹಣ್ಣಾದರೆ ಕೆಂಪು, ಸಿಪ್ಪೆ ತೆಗೆದರೆ ಬಿಳಿ. ಕಣದಲ್ಲಿ ಒಣಗಿದ ಮೇಲಷ್ಟೇ ಕರಿ.

ಮುಂದಿನ ಔಷಧಿಗಳ ಹೆಸರುಗಳು ಇನ್ನೂ ಸಿಕ್ಕಾಗಿವೆ. ಕ್ಲೋರಾಂಟ್ರಾನಿಲಿಪ್ರೋಲ್, ಸಯಾಂಟ್ರಾನಿಲಿಪ್ರೋಲ್ ಎಂಬ ಎರಡು ಕೀಟನಾಶಕಗಳು ಅಕ್ಕತಂಗಿಯರು. ಒಂದರ ಅಣುವಿನಲ್ಲಿ ಕ್ಲೋರಿನ್ ಇರುವ ಜಾಗದಲ್ಲಿ ಇನ್ನೊಂದಕ್ಕೆ ಸಯನೋ ಜೋಡಿ ಇದೆ. ಇಲ್ಲಿ ಕ್ಲೋರ್, ಸಯಾನ್ ಎರಡೂ ಬಣ್ಣದ ಮಾತಲ್ಲ. ಸೈಪರ್‌ಮೆಥ್ರಿನ್ನಿನ ‘ಸೈ’ ಕೂಡ ಸಯನೋದ ತುಂಡೇ. ಆದರೂ ಈ ತುಣುಕಿನಿಂದ ವಿಷದ ತೂಕ ಅಳೆಯಲಾಗದು. ಕ್ಲೋರ್‌ಪೈರಿಫಾಸ್ ಮೇಲಿನ ಆಕ್ಷೇಪ ಅದರ ಮೊದಲಿನ ‘ಕ್ಲೋರ್’ಗಿಂತ ಹೆಚ್ಚಾಗಿ ಕೊನೆಯ ‘ಫಾಸ್’ಗೆ ಸೇರಿದ್ದು: ರಂಜಕದ ಆ ಭಾಗ ನರಗಳಿಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ, ಹುಳುವಿನಲ್ಲೂ ಮನುಷ್ಯನಲ್ಲೂ.

ವಿಷದ ತೂಕ ಹೇಳುವ ಬಣ್ಣ ಡಬ್ಬಿಯ ಮೇಲೆ ಬೇರೆಯೇ ಇದೆ. ಭಾರತದ ನಿಯಮದಂತೆ ಲೇಬಲ್ಲಿನಲ್ಲಿ ಮೂಲೆ ಮೇಲಾಗಿ ನಿಂತ ಒಂದು ಚೌಕ, ಅದರ ಕೆಳಗಿನ ಅರ್ಧದ ತ್ರಿಕೋನದಲ್ಲಿ ಬಣ್ಣ: ಕೆಂಪು ಅತಿ ಘೋರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರಪಾಯ ಎಂದು ತಿಳಿದು ಕೈಗವಸಿಲ್ಲದೆ ಬೆರೆಸುವವರನ್ನು ನೋಡುತ್ತೇವೆ. ಅದು ನಾಲ್ಕರಲ್ಲಿ ಕಡಿಮೆ ವಿಷ ಎಂದಷ್ಟೇ ಹೇಳುತ್ತದೆ.

ಇದನ್ನೆಲ್ಲ ಕಲಿಸಬೇಕಾದ ಜಾಗ ಶಾಲೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಮೂಲವಸ್ತುಗಳ ಆವರ್ತಕ ವರ್ಗೀಕರಣದ ಪಾಠವನ್ನೇ ತೆಗೆಯಿತು. ಹನ್ನೊಂದನೇ ತರಗತಿಯಲ್ಲಿ ಇದೆಯಲ್ಲ ಎಂಬುದು ಸಮಜಾಯಿಷಿ. ಹತ್ತರ ನಂತರ ವಾಣಿಜ್ಯಕ್ಕೋ ಕಲೆಗೋ ಹೋಗಿ, ಆಮೇಲೆ ತೋಟ ನೋಡಿಕೊಳ್ಳುವ ಹುಡುಗ ಹುಡುಗಿಯರಿಗೆ ಆ ಹನ್ನೊಂದನೆಯ ಪುಸ್ತಕ ಸಿಗುವುದೇ ಇಲ್ಲ. ಔಷಧಿ ಹೊಡೆಸುವವರು ಅವರೇ. ಶಾಲೆ ಇದನ್ನು ಕಲಿಸುವ ತನಕ ಮಾಡಬಹುದಾದ ಕೆಲಸ ಅಂಗಡಿಯಲ್ಲಿದೆ: ಬಿಲ್ಲಿನಲ್ಲಿ ಬ್ರ್ಯಾಂಡಿನ ಪಕ್ಕ ರಾಸಾಯನಿಕದ ಹೆಸರನ್ನು ತಲೆಯಿಂದ ಬಾಲದ ತನಕ ಪೂರ್ತಿ ಬರೆಸಿಕೊಳ್ಳುವುದು. ರಫ್ತುದಾರರು ಬೀಜದಲ್ಲಿ ಉಳಿದ ಔಷಧಿಯ ಲೆಕ್ಕ ಕೇಳಿದ ದಿನ ‘ಕ್ಲೋರೋ ಹೊಡೆದಿದ್ದೆವು’ ಎಂದರೆ ಯಾವ ಕ್ಲೋರೋ ಎಂದು ಅವರು ಕೇಳಿಯೇ ಕೇಳುತ್ತಾರೆ.